ಮೂರು ದಿನದ ಕೋರ್ಸು, ಮೂರು ವರ್ಷದ ಎಂಡಿಎಸ್: ಇಂಪ್ಲಾಂಟ್ ಹಾಕುವ ಡಾಕ್ಟರ್ ಎಷ್ಟು ಕಲಿತಿರಬೇಕು?

1948ರ ದಂತವೈದ್ಯರ ಕಾಯ್ದೆಯನ್ನು ತೆಗೆದು ಹೊಸ ಕಾಯ್ದೆ ತರಲು 2023ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಇಷ್ಟು ವರ್ಷ ಎಲ್ಲರಿಗೂ ಗೊತ್ತಿದ್ದ ಡಿಸಿಐ, ಅಂದರೆ ಭಾರತೀಯ ದಂತ ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗ ಬರಬೇಕು ಎಂಬುದು ಈ ಕಾಯ್ದೆಯ ತಿರುಳು. ಈ ಸುದ್ದಿಯ ಜೊತೆಗೇ ಗೊಂದಲವೂ ಹುಟ್ಟಿಕೊಂಡಿತು. ದಂತವೈದ್ಯದ ಮೂಲ ಪದವಿಯಾದ ಬಿಡಿಎಸ್ ಓದಿದವರು ಇನ್ನು ಮುಂದೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರು, ಹಾಕಬಹುದಾ? ಅವರು ಮಾಡಿಕೊಂಡ ಸಣ್ಣಪುಟ್ಟ ಕೋರ್ಸುಗಳಿಗೆ ಬೆಲೆ ಇದೆಯಾ? ಕ್ಲಿನಿಕ್ ಬೋರ್ಡಿನ ಮೇಲೆ ‘ಇಂಪ್ಲಾಂಟಾಲಜಿಸ್ಟ್’ ಎಂದು ಬರೆದಿದ್ದರೆ ಅದನ್ನು ನಂಬಬಹುದಾ?

ಇನ್ನೊಂದು ಕಡೆ, ವಾರಾಂತ್ಯದಲ್ಲಿ ಇಂಪ್ಲಾಂಟ್ ಕಲಿಸುತ್ತೇವೆ ಎನ್ನುವ ಜಾಹೀರಾತುಗಳು ದಂತವೈದ್ಯರ ಫೋನುಗಳಿಗೆ ಬರುತ್ತಲೇ ಇವೆ. ಒಂದು ಹಲ್ಲು ಕಟ್ಟಿಸಿಕೊಳ್ಳಲು ಹತ್ತಾರು ಸಾವಿರ ರೂಪಾಯಿ ಕೊಡುವ ರೋಗಿಗೆ, ತನ್ನ ದವಡೆಗೆ ಡ್ರಿಲ್ ಹಾಕುವವರು ಅದನ್ನು ಎಲ್ಲಿ ಕಲಿತರು ಎಂಬುದೇ ಗೊತ್ತಿರುವುದಿಲ್ಲ.

ಕಾನೂನಿನಲ್ಲಿ ಇರುವುದೇನು

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಬಿಡಿಎಸ್ ಪಾಸಾಗಿ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ದಂತ ಚಿಕಿತ್ಸೆ ಮಾಡಬಹುದು. ಇಂಪ್ಲಾಂಟ್ ಕೂಡ ದಂತ ಚಿಕಿತ್ಸೆಯೇ. ಸ್ನಾತಕೋತ್ತರ ಪದವಿಯಾದ ಎಂಡಿಎಸ್ ಆದವರು ಮಾತ್ರ ಇದನ್ನು ಮಾಡಬೇಕು ಎಂಬ ಪ್ರತ್ಯೇಕ ನಿಯಮ ಇಲ್ಲ.

ಆದರೆ ಚಿಕಿತ್ಸೆ ಮಾಡುವುದು ಬೇರೆ, ತಜ್ಞ ಎಂದು ಹೇಳಿಕೊಳ್ಳುವುದು ಬೇರೆ. ನಮ್ಮಲ್ಲಿ ಎಂಡಿಎಸ್‌ಗೆ ಒಂಬತ್ತು ವಿಭಾಗಗಳಿವೆ. ಇಂಪ್ಲಾಂಟಾಲಜಿ ಎಂಬ ಪ್ರತ್ಯೇಕ ವಿಭಾಗ ಅದರಲ್ಲಿಲ್ಲ. ಹಲ್ಲು ಕಟ್ಟುವ ಪ್ರಾಸ್ಥೊಡಾಂಟಿಕ್ಸ್, ವಸಡಿನ ಪೆರಿಯೊಡಾಂಟಿಕ್ಸ್, ಬಾಯಿ ಮತ್ತು ದವಡೆಯ ಸರ್ಜರಿ, ಈ ಮೂರು ವಿಭಾಗದವರು ತಮ್ಮ ಮೂರು ವರ್ಷದ ಓದಿನ ಭಾಗವಾಗಿ ಇಂಪ್ಲಾಂಟ್ ಕಲಿಯುತ್ತಾರೆ. ವಿಶೇಷ ಅರ್ಹತೆ ಇಲ್ಲದೆ ತಜ್ಞ ಎಂದು ಬೋರ್ಡ್ ಹಾಕಿಕೊಳ್ಳುವುದು ವೃತ್ತಿ ನೀತಿಗೆ ವಿರುದ್ಧ. ಹಾಗಾಗಿ ಬಿಡಿಎಸ್ ಡಾಕ್ಟರ್ ಇಂಪ್ಲಾಂಟ್ ಹಾಕಿದರೆ ತಪ್ಪಲ್ಲ. ನಾಲ್ಕು ದಿನದ ಸರ್ಟಿಫಿಕೇಟ್ ತೋರಿಸಿ ‘ತಜ್ಞ’ ಎಂದುಕೊಂಡರೆ ತಪ್ಪು. ಸುದ್ದಿಗಳಲ್ಲಿ ಈ ಎರಡನ್ನೂ ಕಲಸಿ ಹೇಳುವುದರಿಂದಲೇ ಅರ್ಧ ಗೊಂದಲ.

ಎಡವಟ್ಟಾದಾಗ ಕೋರ್ಟು ಕೇಳುವ ಪ್ರಶ್ನೆಯೂ ಇದಕ್ಕೆ ಹತ್ತಿರದ್ದೇ. ವೈದ್ಯರ ಸೇವೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ನಿರ್ಲಕ್ಷ್ಯವನ್ನು ಅಳೆಯುವ ಎರಡು ದಾರಿ ಹೇಳಿತು. ತನಗಿದೆ ಎಂದು ಹೇಳಿಕೊಂಡ ಕೌಶಲ ವೈದ್ಯನಿಗೆ ನಿಜಕ್ಕೂ ಇತ್ತೇ? ಇದ್ದರೆ, ಅದನ್ನು ತಕ್ಕಷ್ಟು ಎಚ್ಚರಿಕೆಯಿಂದ ಬಳಸಿದನೇ? ಅಂದರೆ ಡಿಗ್ರಿಯೊಂದೇ ಡಾಕ್ಟರನ್ನು ಕಾಪಾಡುವುದಿಲ್ಲ. ಗೋಡೆ ಮೇಲಿನ ಸರ್ಟಿಫಿಕೇಟ್ ಅಂತೂ ಕಾಪಾಡುವುದೇ ಇಲ್ಲ.

ಕಾನೂನು ಹೇಳದೆ ಬಿಟ್ಟಿರುವುದು ಒಂದೇ. ಬಿಡಿಎಸ್ ಮುಗಿಸಿದವರು ಇಂಪ್ಲಾಂಟ್‌ಗೆ ಕೈ ಹಾಕುವ ಮುಂಚೆ ಕನಿಷ್ಠ ಎಷ್ಟು ಕಲಿತಿರಬೇಕು? ಅದಕ್ಕೆ ಅಳತೆಗೋಲೇ ಇಲ್ಲ.

ಕಾಲೇಜಿನಲ್ಲಿ ಸಿಗುವುದು, ಸಿಗದಿರುವುದು

ಬಿಡಿಎಸ್ ಎಂದರೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅಷ್ಟರಲ್ಲಿ ವಿದ್ಯಾರ್ಥಿ ನೂರಾರು ಹಲ್ಲು ನೋಡಿರುತ್ತಾನೆ. ಕೀಳುವುದು, ತುಂಬಿಸುವುದು, ಕ್ಲೀನಿಂಗ್, ಹಲ್ಲುಸೆಟ್ ಮಾಡುವುದು ಎಲ್ಲ ಕೈಗೆ ಹತ್ತಿರುತ್ತದೆ. ಇಂಪ್ಲಾಂಟ್ ಬಗ್ಗೆ ಪಾಠ ಇರುತ್ತದೆ, ಸೀನಿಯರ್‌ಗಳು ಮಾಡುವುದನ್ನು ನೋಡುವ ಅವಕಾಶವೂ ಸಿಗಬಹುದು. ಸ್ವತಃ ಮಾಡುವ ಅವಕಾಶ ಸಿಗುವುದು ತೀರಾ ಅಪರೂಪ. ಕಾರಣ ಸರಳ. ದಂತ ಕಾಲೇಜಿಗೆ ಬರುವ ಬಹುಪಾಲು ಜನ ಖರ್ಚು ಕಡಿಮೆ ಎಂದೇ ಬರುತ್ತಾರೆ. ಇಂಪ್ಲಾಂಟ್‌ನ ಸಾಮಾನೇ ದುಬಾರಿ. ಬರುವ ಕೆಲವೇ ಕೇಸುಗಳು ಎಂಡಿಎಸ್ ವಿದ್ಯಾರ್ಥಿಗಳಿಗೆ ಹೋಗುತ್ತವೆ.

ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಕರ್ನಾಟಕ ಒಂದರಲ್ಲೇ 40ರ ಆಸುಪಾಸು. ಎಂಡಿಎಸ್ ಸೀಟು ಸಿಗುವುದು ಕೆಲವರಿಗೆ ಮಾತ್ರ. ಉಳಿದವರು ಕ್ಲಿನಿಕ್ ತೆರೆಯುತ್ತಾರೆ, ಇಲ್ಲವೇ ದೊಡ್ಡ ಕ್ಲಿನಿಕ್ ಸರಣಿಗಳಲ್ಲಿ ಸೇರುತ್ತಾರೆ. ಅಲ್ಲಿಗೆ ಬರುವ ರೋಗಿಗಳು ಇಂಪ್ಲಾಂಟ್ ಬಗ್ಗೆ ಕೇಳುತ್ತಾರೆ. ಕಾಲೇಜು ಕಲಿಸಿಲ್ಲ, ಕಾನೂನು ತಡೆದಿಲ್ಲ, ರೋಗಿ ಕೇಳುತ್ತಿದ್ದಾನೆ. ಈ ಮೂರೂ ಸೇರಿದ ಕಡೆ ವಾರಾಂತ್ಯದ ಕೋರ್ಸುಗಳ ಮಾರುಕಟ್ಟೆ ಬೆಳೆದಿದೆ.

ದವಡೆಯೊಳಗೆ ನಡೆಯುವ ಕೆಲಸ

ಇದು ಮೂರು ದಿನದಲ್ಲಿ ಕಲಿಯುವ ಕೆಲಸ ಯಾಕಲ್ಲ ಎಂದು ತಿಳಿಯಬೇಕಾದರೆ ಇಂಪ್ಲಾಂಟ್ ಹೇಗೆ ನಿಲ್ಲುತ್ತದೆ ಎಂದು ನೋಡಬೇಕು.

ಟೈಟಾನಿಯಂ ಲೋಹಕ್ಕೆ ಮೂಳೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂಬುದನ್ನು ಗುರುತಿಸಿದ್ದು ಸ್ವೀಡನ್ನಿನ ಪರ್-ಇಂಗ್ವರ್ ಬ್ರೋನೆಮಾರ್ಕ್. 1965ರಲ್ಲಿ ಅವರು ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು. ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷ, ಅವು ಉಳಿದವು. ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾದು ಆಮೇಲೆ ಹಲ್ಲು ಕೂರಿಸಿ ಎಂಬುದು ಮೊದಲಿನ ನಿಯಮ. ಈಗ ಕೆಲವು ಕೇಸುಗಳಲ್ಲಿ ಇದು ಕಡಿಮೆಯಾಗಿದೆ. ಆದರೆ ಮೂಳೆ ಬೆಸೆಯಲು ಸಮಯ ಬೇಕು ಎಂಬುದು ಬದಲಾಗಿಲ್ಲ.

ಮೂಳೆ ಜೀವಂತ. ಅದು ಬಿಸಿ ತಾಳುವುದಿಲ್ಲ. ಕೊರೆಯುವಾಗ ಮೂಳೆಯ ಶಾಖ ಒಂದು ನಿಮಿಷ ಕಾಲ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹಾನಿ ಶುರುವಾಗುತ್ತದೆ ಎಂದು 1980ರ ದಶಕದ ಪ್ರಯೋಗಗಳು ತೋರಿಸಿದವು. ಅದಕ್ಕೇ ನಿಧಾನ ವೇಗ, ತಣ್ಣಗಿನ ಸಲೈನ್ ನೀರು, ಚೂಪಾದ ಡ್ರಿಲ್. ಸಣ್ಣ ಡ್ರಿಲ್‌ನಿಂದ ಶುರು ಮಾಡಿ ಒಂದೊಂದೇ ಅಳತೆ ದೊಡ್ಡದು ಮಾಡುತ್ತಾ ಹೋಗಬೇಕು. ನಡುವೆ ಡ್ರಿಲ್ ಎತ್ತಿ ನೀರು ಒಳಗೆ ಹೋಗಲು ಬಿಡಬೇಕು. ಕೆಳದವಡೆಯ ಮುಂಭಾಗದ ಮೂಳೆ ಗಟ್ಟಿ. ಮೊಂಡಾದ ಡ್ರಿಲ್ ಹಿಡಿದು ಒತ್ತಿದರೆ ಅಲ್ಲಿ ಬೇಗ ಶಾಖ ಏರುತ್ತದೆ.

ಇಲ್ಲೇ ಮುಖ್ಯ ವಿಷಯ ಇರುವುದು. ಮೂಳೆ ಸುಟ್ಟ ದಿನ ಯಾರಿಗೂ ಅದು ಗೊತ್ತಾಗುವುದಿಲ್ಲ. ಜಾಗ ಮರಗಟ್ಟಿರುತ್ತದೆ, ಇಂಪ್ಲಾಂಟ್ ಬಿಗಿಯಾಗಿ ಕೂತಿರುತ್ತದೆ, ಎಕ್ಸ್‌ರೇ ಚೆನ್ನಾಗಿಯೇ ಕಾಣುತ್ತದೆ. ಅದು ಸಡಿಲ ಎಂದು ತಿಳಿಯುವುದು ವಾರಗಳಾದ ಮೇಲೆ. ಹೆಚ್ಚಿನ ತಪ್ಪುಗಳೂ ಹೀಗೆಯೇ. ಕೋನ ಸ್ವಲ್ಪ ತಪ್ಪಿದ್ದು ಇಂಪ್ಲಾಂಟ್ ಮೇಲೆ ಹಲ್ಲು, ಅಂದರೆ ಕ್ಯಾಪ್ ಕೂರಿಸುವಾಗ ಗೊತ್ತಾಗುತ್ತದೆ. ಕ್ಯಾಪ್ ಅಂಟಿಸಿದ ಸಿಮೆಂಟು ವಸಡಿನ ಕೆಳಗೆ ಉಳಿದದ್ದು ಒಂದೆರಡು ವರ್ಷ ಬಿಟ್ಟು ಕೀವಾಗಿ, ಮೂಳೆ ಕರಗಿದಾಗ ಗೊತ್ತಾಗುತ್ತದೆ. ಕಚ್ಚುವಾಗ ಒತ್ತಡ ಜಾಸ್ತಿ ಬಿದ್ದದ್ದು ಕ್ಯಾಪ್ ಹಿಡಿದಿರುವ ಸ್ಕ್ರೂ ಸಡಿಲವಾದಾಗ ಅಥವಾ ಮುರಿದಾಗ ಗೊತ್ತಾಗುತ್ತದೆ. ಸ್ವಂತ ಹಲ್ಲಿನ ಬೇರಿನ ಸುತ್ತ ತೆಳ್ಳಗಿನ ನಾರಿನ ಪದರ ಇದೆ. ಜೋರಾಗಿ ಕಚ್ಚಿದರೆ ಅದು ಸ್ವಲ್ಪ ತಗ್ಗಿ ಎಚ್ಚರಿಸುತ್ತದೆ. ಇಂಪ್ಲಾಂಟ್‌ಗೆ ಆ ಪದರವೇ ಇಲ್ಲ.

ತಕ್ಷಣ ಗೊತ್ತಾಗುವ ತಪ್ಪುಗಳೂ ಇವೆ, ಅವು ಇನ್ನೂ ಗಂಭೀರ. ಕೆಳದವಡೆಯೊಳಗೆ ತುಟಿ ಮತ್ತು ಗಲ್ಲಕ್ಕೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಅದಕ್ಕೂ ಇಂಪ್ಲಾಂಟ್‌ನ ತುದಿಗೂ ಕನಿಷ್ಠ 2 ಮಿಲಿಮೀಟರ್ ಅಂತರ ಇರಬೇಕು. ತಪ್ಪಿದರೆ ಆ ಭಾಗದ ತುಟಿ ಜೋಮು ಹಿಡಿದಂತೆ ಇರುತ್ತದೆ, ಕೆಲವರಿಗೆ ಶಾಶ್ವತವಾಗಿ. ದವಡೆಯ ನಾಲಿಗೆ ಬದಿಯಲ್ಲಿ ಮೂಳೆ ಒಳಕ್ಕೆ ತಗ್ಗಾಗಿರುತ್ತದೆ. ಡ್ರಿಲ್ ಅಲ್ಲಿಂದ ಹೊರಗೆ ಬಂದು ರಕ್ತನಾಳ ಕತ್ತರಿಸಿದರೆ ನಾಲಿಗೆ ಕೆಳಗೆ ರಕ್ತ ತುಂಬಿ, ನಾಲಿಗೆ ಮೇಲೆ ತಳ್ಳಿ ಉಸಿರಿಗೇ ಅಡ್ಡ ಬರಬಹುದು. ಅಪರೂಪ, ಆದರೆ ಹೀಗೆ ಆದ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಈ ತಗ್ಗು ಕಾಣುವುದಿಲ್ಲ. ಮೂರು ದಿಕ್ಕಿನಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಸ್ಕ್ಯಾನ್ ಮಾಡಿಸಿದರಷ್ಟೇ ಸಾಲದು, ಅದನ್ನು ಓದಲೂ ಬರಬೇಕು.

ಎರಡು ಕಡೆಯ ವಾದ

ಎಂಡಿಎಸ್ ತಜ್ಞರ ಮಾತು ನೇರವಾಗಿದೆ. ನಾವು ಮೂರು ವರ್ಷ ಹಿರಿಯರ ಕಣ್ಗಾವಲಲ್ಲಿ ಕಲಿತದ್ದನ್ನು ಹೋಟೆಲ್ ಹಾಲ್‌ನಲ್ಲಿ ಮೂರು ದಿನ ಕೂತು ಕಲಿಯಲು ಆಗುವುದಿಲ್ಲ, ಕೆಟ್ಟ ಕೇಸುಗಳು ಕೊನೆಗೆ ನಮ್ಮ ಬಳಿಗೇ ಬರುತ್ತವೆ ಎನ್ನುತ್ತಾರೆ. ಒಮ್ಮೆ ಸೋತ ಜಾಗದಲ್ಲಿ ಮೂಳೆಯೂ ಕಡಿಮೆ ಇರುತ್ತದೆ, ರೋಗಿಯ ತಾಳ್ಮೆಯೂ ಕಡಿಮೆ ಇರುತ್ತದೆ.

ಬಿಡಿಎಸ್ ವೈದ್ಯರ ವಾದಕ್ಕೂ ತೂಕ ಇದೆ. ತಜ್ಞರು ಹೆಚ್ಚಾಗಿ ಇರುವುದು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ. ತಾಲ್ಲೂಕಿನ ರೋಗಿ ಒಂದು ಹಲ್ಲಿಗಾಗಿ ಆರೇಳು ಸಲ ಬಸ್ಸು ಹತ್ತಬೇಕಾ? ಇಂಪ್ಲಾಂಟ್ ಬೇಡ ಎಂದರೆ ಉಳಿಯುವ ದಾರಿ ಸಾಮಾನ್ಯವಾಗಿ ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್. ಅದಕ್ಕೆ ಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ತೇಯಬೇಕು. ಹತ್ತು ವರ್ಷದಿಂದ ರೋಗಿಯ ಬಾಯಿ ನೋಡಿಕೊಂಡು ಬಂದ ಡಾಕ್ಟರ್‌ಗೆ ಆತನ ಸಕ್ಕರೆ ಕಾಯಿಲೆ, ಬೀಡಿ ಚಟ, ಹಲ್ಲುಜ್ಜುವ ಅಭ್ಯಾಸ ಎಲ್ಲ ಗೊತ್ತಿರುತ್ತದೆ.

ಅಂಕಿಅಂಶ ಏನು ಹೇಳುತ್ತದೆ? ಹತ್ತು ವರ್ಷ ಕಳೆದರೂ ನೂರಕ್ಕೆ ಸುಮಾರು 95 ಇಂಪ್ಲಾಂಟ್ ಉಳಿಯುತ್ತವೆ ಎಂದು ಜಾಹೀರಾತುಗಳಲ್ಲಿ ಓದಿರುತ್ತೀರಿ. ಆ ಅಂಕಿ ಸುಳ್ಳಲ್ಲ. ಆದರೆ ಅದು ಬಂದಿರುವುದು ಹೆಚ್ಚಾಗಿ ವಿಶ್ವವಿದ್ಯಾಲಯಗಳಿಂದ, ಪಳಗಿದ ಕೈಗಳಿಂದ. ಅಮೆರಿಕದಲ್ಲಿ ಸಾಮಾನ್ಯ ದಂತವೈದ್ಯರ ಕ್ಲಿನಿಕ್‌ಗಳಲ್ಲೇ ಹಾಕಿದ ಸುಮಾರು 900 ಇಂಪ್ಲಾಂಟ್‌ಗಳನ್ನು ಹಿಂಬಾಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಸರಾಸರಿ ನಾಲ್ಕು ವರ್ಷದಲ್ಲಿ ಸುಮಾರು 7% ಸೋತಿದ್ದವು. ಉಳಿದಿದ್ದರೂ ಸುತ್ತಲಿನ ಮೂಳೆ ಮಿತಿ ಮೀರಿ ಕರಗಿದ್ದನ್ನೂ ಸೋಲು ಎಂದು ಎಣಿಸಿದರೆ ಅದು ಸುಮಾರು 19% ಆಯಿತು. ಆ ಅಧ್ಯಯನದಲ್ಲಿ ತಜ್ಞರ ಗುಂಪು ಇರಲಿಲ್ಲ. ಹಾಗಾಗಿ ಸಾಮಾನ್ಯ ವೈದ್ಯರು ಕೆಟ್ಟದಾಗಿ ಮಾಡುತ್ತಾರೆ ಎಂದು ಇದರಿಂದ ತೀರ್ಮಾನಿಸಲು ಬರುವುದಿಲ್ಲ. ದಿನನಿತ್ಯದ ಕ್ಲಿನಿಕ್‌ನ ಫಲಿತಾಂಶ ಜಾಹೀರಾತಿನ ಅಂಕಿಯಷ್ಟು ಹೊಳೆಯುವುದಿಲ್ಲ ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಬಿಡಿಎಸ್ಸಾ ಎಂಡಿಎಸ್ಸಾ ಎಂಬ ಜಗಳ ನಮ್ಮನ್ನು ದಾರಿ ತಪ್ಪಿಸುತ್ತಿದೆ. ಎಂಡಿಎಸ್‌ನಲ್ಲೂ ಎಲ್ಲ ಕಾಲೇಜಿನಲ್ಲಿ ಒಂದೇ ಸಮನಾಗಿ ಇಂಪ್ಲಾಂಟ್ ಕೇಸು ಸಿಗುವುದಿಲ್ಲ. ಕೇಳಬೇಕಾದ್ದು ಬೇರೆ. ಈ ವೈದ್ಯರು ತಾವು ಹಾಕಿದ ಇಂಪ್ಲಾಂಟ್ ಮುಂದೆ ಏನಾಯಿತು ಎಂದು ನೋಡಿ ಕಲಿತಿದ್ದಾರಾ? ತಪ್ಪು ತಿಳಿಯಲು ತಿಂಗಳುಗಟ್ಟಲೆ ಬೇಕು ಎಂದಾದರೆ, ಅಷ್ಟು ದಿನ ನಡೆಯದ ತರಬೇತಿ ತರಬೇತಿಯೇ ಅಲ್ಲ.

ಚಿಕ್ಕ ಕೋರ್ಸುಗಳ ಲೆಕ್ಕ

ಮೂರ್ನಾಲ್ಕು ದಿನದ ಕೋರ್ಸು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲ ದಿನ ಸ್ಲೈಡುಗಳು. ಎರಡನೇ ದಿನ ಪ್ಲಾಸ್ಟಿಕ್ ದವಡೆ ಅಥವಾ ಪ್ರಾಣಿಯ ದವಡೆಯ ಮೇಲೆ ಕೈಪಳಗಿಸುವುದು. ಕೊನೆಗೆ ರೋಗಿಯ ಮೇಲೆ ಒಂದೆರಡು ಇಂಪ್ಲಾಂಟ್. ಆಮೇಲೆ ಫೋಟೋ, ಸರ್ಟಿಫಿಕೇಟ್. ಎಷ್ಟೋ ಕೋರ್ಸುಗಳ ಹಿಂದೆ ಇಂಪ್ಲಾಂಟ್ ಕಂಪನಿಗಳಿರುತ್ತವೆ. ಕಿಟ್ ಕೊಂಡರೆ ಕೋರ್ಸಿನಲ್ಲಿ ರಿಯಾಯಿತಿ, ಇಲ್ಲವೇ ಇಂತಿಷ್ಟು ಇಂಪ್ಲಾಂಟ್ ಕೊಂಡರೆ ಕೋರ್ಸೇ ಉಚಿತ. ಕಲಿಸುವವರಲ್ಲಿ ಒಳ್ಳೆಯ ವೈದ್ಯರು ಇಲ್ಲವೆಂದಲ್ಲ. ಆದರೆ ಇಂಪ್ಲಾಂಟ್ ಮಾರುವವರಿಗೆ ‘ಈ ರೋಗಿಗೆ ಹಾಕಬೇಡಿ’ ಎಂದು ಕಲಿಸುವ ಆಸಕ್ತಿ ಎಲ್ಲಿಂದ ಬರಬೇಕು?

ಕೋರ್ಸ್ ಮುಗಿಸಿ ಊರಿಗೆ ಹೋದ ವೈದ್ಯರ ಪಾಡು ಯೋಚಿಸಿ. ಸಾಲ ಮಾಡಿ ಕಿಟ್ ತಂದಿದ್ದಾರೆ. ಆ ಹಣ ವಾಪಸ್ ಬರಬೇಕಾದರೆ ಕೇಸು ಬೇಕು. ಮೊದಲು ಬಂದ ರೋಗಿ ಮೇಲಿನ ಮುಂದಿನ ಹಲ್ಲು ಕಳೆದುಕೊಂಡವರಾಗಿದ್ದರೆ? ಅಲ್ಲಿ ತುಟಿ ಬದಿಯ ಮೂಳೆ ತೀರಾ ತೆಳು, ಹಲ್ಲು ಕಿತ್ತ ಮೇಲೆ ಕುಗ್ಗುತ್ತದೆ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಆದರೂ ವಸಡು ಮೇಲೆ ಸರಿದು, ನಕ್ಕಾಗಲೆಲ್ಲ ಕಾಣುತ್ತದೆ. ಪಳಗಿದವರೂ ಎರಡು ಸಲ ಯೋಚಿಸುವ ಕೇಸು ಅದು. ಬೇಡ ಎನ್ನಲು ಕಲಿತಿಲ್ಲದ ವೈದ್ಯರು ಅದನ್ನೇ ಮೊದಲು ಒಪ್ಪಿಕೊಳ್ಳುತ್ತಾರೆ.

ಬೇರೆ ಕಡೆ ಹೇಗಿದೆ

ಬ್ರಿಟನ್‌ನಲ್ಲೂ ಇಂಪ್ಲಾಂಟ್ ಪ್ರತ್ಯೇಕ ತಜ್ಞತೆ ಅಲ್ಲ. ಸಾಮಾನ್ಯ ದಂತವೈದ್ಯರೇ ಬಹಳಷ್ಟು ಹಾಕುತ್ತಾರೆ. ಆದರೆ ಅಲ್ಲಿ ಇಂಪ್ಲಾಂಟ್ ತರಬೇತಿ ಹೇಗಿರಬೇಕು ಎಂಬ ಮಾನದಂಡ ಬರಹದಲ್ಲಿದೆ. ಸಾಮಾನ್ಯ ದಂತವೈದ್ಯರ ವೃತ್ತಿ ಸಂಸ್ಥೆಯೇ ಅದನ್ನು ರೂಪಿಸಿ ಕಾಲಕಾಲಕ್ಕೆ ಪರಿಷ್ಕರಿಸಿದೆ. ಆ ಸಂಸ್ಥೆಯ ಕೆಲಸ 2021ರಿಂದ ಕಾಲೇಜ್ ಆಫ್ ಜನರಲ್ ಡೆಂಟಿಸ್ಟ್ರಿ ಹೆಸರಿನಲ್ಲಿ ನಡೆಯುತ್ತಿದೆ. ಮೊದಲು ಸರಳ ಕೇಸು, ಅದೂ ಅನುಭವಿಯೊಬ್ಬರ ಮಾರ್ಗದರ್ಶನದಲ್ಲಿ ಎಂಬುದು ಅದರ ಸಾರ. ದೂರು ಬಂದಾಗ ವೈದ್ಯರನ್ನು ಅಳೆಯಲು ಒಂದು ಕೋಲು ಸಿಗುತ್ತದೆ.

ಅಮೆರಿಕದಲ್ಲಿ ಜಗಳ ಕೋರ್ಟಿಗೇ ಹೋಯಿತು. ಇಂಪ್ಲಾಂಟ್ ತಜ್ಞ ಎಂದು ಜಾಹೀರಾತು ಕೊಡುವುದನ್ನು ತಡೆದಿದ್ದ ಟೆಕ್ಸಸ್ ನಿಯಮದ ವಿರುದ್ಧ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದ ಇಂಪ್ಲಾಂಟ್ ವೈದ್ಯರ ಸಂಘ ನಡೆಸುವ ಅಡಿಪಾಯದ ಕೋರ್ಸು 300 ಗಂಟೆಯದು, ತಿಂಗಳುಗಳ ಕಾಲ ಹರಡಿಕೊಂಡದ್ದು. ಮೂರು ದಿನದ ಪಕ್ಕ ಇದನ್ನಿಟ್ಟು ನೋಡಿ.

ಕೇಸುಗಳನ್ನು ಸರಳ, ಕಷ್ಟ, ಜಟಿಲ ಎಂದು ವಿಂಗಡಿಸುವ ಒಂದು ಪದ್ಧತಿ ಸ್ವಿಟ್ಜರ್‌ಲೆಂಡ್ ಮೂಲದ, ಇಂಪ್ಲಾಂಟ್ ವೈದ್ಯರ ಅಂತರರಾಷ್ಟ್ರೀಯ ಸಂಸ್ಥೆಯಾದ ಐಟಿಐಯಿಂದ ಬಂದಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಾವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ.

ಅಡಿಪಾಯದ ತರಬೇತಿಯಲ್ಲಿ ಏನಿರಬೇಕು

ಮೊದಲಿಗೆ, ಯಾರಿಗೆ ಹಾಕಬಾರದು ಎಂಬ ಪಾಠ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ವಿಪರೀತ ಧೂಮಪಾನ, ವಾಸಿಯಾಗದ ವಸಡಿನ ರೋಗ, ದವಡೆಗೆ ರೇಡಿಯೇಷನ್ ಆಗಿರುವುದು, ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಗಳು. ಈ ಔಷಧ ತೆಗೆದುಕೊಂಡವರಲ್ಲಿ ದವಡೆಯ ಮೂಳೆಯೇ ಸಾಯುವ ಅಪಾಯ ಇದೆ. ವಯಸ್ಸಾದ ಹೆಂಗಸರು ಮಂಡಿನೋವಿನ ಮಾತ್ರೆ, ಮೂಳೆ ಮಾತ್ರೆ ಎಲ್ಲ ಒಂದೇ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತಾರೆ. ‘ಏನು ಔಷಧ ತಗೋತೀರಿ ಅಮ್ಮಾ?’ ಎಂದು ಕೇಳಿದರೆ ಸಾಲದು, ಚೀಟಿ ತರಿಸಿ ಓದಬೇಕು.

ಎರಡನೆಯದು, ಹಲ್ಲು ಎಲ್ಲಿ ಬರಬೇಕು ಎಂದು ಮೊದಲು ನಿರ್ಧರಿಸಿ, ಅದಕ್ಕೆ ತಕ್ಕಂತೆ ಇಂಪ್ಲಾಂಟ್ ಎಲ್ಲಿ ಎಂದು ಗುರುತಿಸುವುದು. ಹೊಸಬರು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತಾರೆ. ಮೂಳೆ ಇರುವ ಕಡೆ ಇಂಪ್ಲಾಂಟ್ ಹಾಕಿ, ಆಮೇಲೆ ಹಲ್ಲು ಹೇಗೆ ಕೂರಿಸುವುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಮೂರನೆಯದೇ ತರಬೇತಿಯ ಹೃದಯ. ಮಾರ್ಗದರ್ಶಕರ ಎದುರು ಕೆಲವು ಸರಳ ಕೇಸುಗಳನ್ನು ಶುರುವಿನಿಂದ ಕೊನೆವರೆಗೆ ಮಾಡುವುದು. ಸರಳ ಕೇಸು ಎಂದರೆ, ಉದಾಹರಣೆಗೆ, ಕೆಳಗಿನ ಮೊದಲ ದವಡೆ ಹಲ್ಲಿನ ಜಾಗ. ಕಿತ್ತು ತಿಂಗಳುಗಳಾಗಿ ಮೂಳೆ ತುಂಬಿರಬೇಕು, ಅಗಲ ಚೆನ್ನಾಗಿರಬೇಕು, ನರ ದೂರ ಇರಬೇಕು. ಯೋಜನೆ, ಸ್ಕ್ಯಾನ್, ಸರ್ಜರಿ, ಕ್ಯಾಪ್, ಒಂದು ವರ್ಷದ ನಂತರದ ಎಕ್ಸ್‌ರೇ ಎಲ್ಲವೂ ಲಾಗ್‌ಬುಕ್‌ನಲ್ಲಿ ಇರಬೇಕು. ಸೋತ ಕೇಸುಗಳೂ ಅದರಲ್ಲಿರಬೇಕು. ಆ ಪುಸ್ತಕವನ್ನು ಬೇರೊಬ್ಬರು ಪರೀಕ್ಷಿಸಬೇಕು.

ಈ ತರಬೇತಿ ಡ್ರಿಲ್ ಹಿಡಿಯದವರಿಗೂ ಬೇಕು. ಈಗ ಎಷ್ಟೋ ಊರುಗಳಲ್ಲಿ ವಾರಕ್ಕೊಮ್ಮೆ ಕನ್ಸಲ್ಟೆಂಟ್ ಬಂದು ಇಂಪ್ಲಾಂಟ್ ಹಾಕಿ ಹೋಗುತ್ತಾರೆ. ಆಮೇಲೆ ಕ್ಯಾಪ್ ಹಾಕುವುದು, ಸ್ಕ್ರೂ ಸಡಿಲವಾದರೆ ನೋಡುವುದು, ಸುತ್ತಲಿನ ವಸಡು ಊದಿದರೆ ಗುರುತಿಸುವುದು ಎಲ್ಲ ಊರಿನ ಡಾಕ್ಟರ್ ಪಾಲಿಗೆ. ಅವರಿಗೆ ಅಡಿಪಾಯ ಇಲ್ಲದಿದ್ದರೆ ತಜ್ಞರು ಎಷ್ಟು ಚೆನ್ನಾಗಿ ಹಾಕಿದರೂ ಅದು ಹಾಳಾಗಬಹುದು.

ಮುಂದೆ ಏನಾಗಬಹುದು

ಬಿಡಿಎಸ್ ವೈದ್ಯರಿಗೆ ಪೂರ್ತಿ ನಿಷೇಧ ಹೇರಿದರೆ ಇಂಪ್ಲಾಂಟ್ ದೊಡ್ಡ ಊರುಗಳಿಗೆ ಸೀಮಿತವಾಗುತ್ತದೆ, ರೇಟು ಏರುತ್ತದೆ. ಕದ್ದುಮುಚ್ಚಿ ಮಾಡುವುದೂ ನಿಲ್ಲುವುದಿಲ್ಲ, ದಾಖಲೆ ಮಾತ್ರ ಸಿಗದೆ ಹೋಗುತ್ತದೆ. ಈಗಿರುವಂತೆ ಬಿಟ್ಟರೆ ಸೋತ ಇಂಪ್ಲಾಂಟ್‌ಗಳ ಹೊರೆ ಐದಾರು ವರ್ಷದ ನಂತರ ಎದುರಾಗುತ್ತದೆ. ಅಷ್ಟರಲ್ಲಿ ಕ್ಲಿನಿಕ್ ಮುಚ್ಚಿರಬಹುದು, ಡಾಕ್ಟರ್ ಊರು ಬಿಟ್ಟಿರಬಹುದು. ಇಂಪ್ಲಾಂಟ್ ಯಾವ ಕಂಪನಿಯದು ಎಂದು ಗೊತ್ತಿಲ್ಲದಿದ್ದರೆ ಅದಕ್ಕೆ ಹೊಂದುವ ಸ್ಕ್ರೂಡ್ರೈವರ್ ಹುಡುಕುವುದೇ ದೊಡ್ಡ ತಾಪತ್ರಯ.

ಹೊಸ ಕಾಯ್ದೆಯಲ್ಲಿ ಬಿಡಿಎಸ್ ಕೊನೆಯಲ್ಲಿ ದೇಶಕ್ಕೆಲ್ಲ ಒಂದೇ ನಿರ್ಗಮನ ಪರೀಕ್ಷೆ ನಡೆಸುವ ಪ್ರಸ್ತಾಪ ಇದೆ. ಅದು ಒಳ್ಳೆಯದೇ. ಆದರೆ ಇಂಪ್ಲಾಂಟ್ ಕೌಶಲವನ್ನು ಅದು ಅಳೆಯಲಾರದು. ಅದಕ್ಕೆ ಬೇರೆ ದಾರಿ ಬೇಕು. ಶಿಕ್ಷಣಕ್ಕೊಂದು, ಕಾಲೇಜುಗಳ ಮೌಲ್ಯಮಾಪನಕ್ಕೊಂದು, ನೋಂದಣಿ ಮತ್ತು ನೀತಿಗೊಂದು, ಹೀಗೆ ಮೂರು ಮಂಡಳಿಗಳು ಆಯೋಗದಡಿ ಬರುತ್ತವೆ. ಅಡಿಪಾಯದ ತರಬೇತಿಯ ಕನಿಷ್ಠ ಮಟ್ಟ ಗೊತ್ತುಪಡಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ಹಿಂದೆ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಮತ್ತು ಡಿಸಿಐ ಸೇರಿ ಬಿಡಿಎಸ್ ವೈದ್ಯರಿಗೆ ಇಂಪ್ಲಾಂಟ್ ಸರ್ಟಿಫಿಕೇಟ್ ಕೋರ್ಸು ನಡೆಸಿದ್ದವು. ಅಂದರೆ ಈ ಯೋಚನೆ ಹೊಸದಲ್ಲ.

ಕರ್ನಾಟಕಕ್ಕೆ ಇದರಲ್ಲಿ ಅನುಕೂಲ ಜಾಸ್ತಿ. ಇಷ್ಟೊಂದು ದಂತ ಕಾಲೇಜುಗಳಲ್ಲಿ ಕುರ್ಚಿ, ಲ್ಯಾಬು, ಮೂರೂ ವಿಭಾಗದ ತಜ್ಞರು ಈಗಾಗಲೇ ಇದ್ದಾರೆ. ತಿಂಗಳಿಗೆ ಎರಡು ದಿನದಂತೆ ಒಂದು ವರ್ಷದ ಅರೆಕಾಲಿಕ ತರಬೇತಿ ಅಲ್ಲಿ ನಡೆದರೆ ವೈದ್ಯರು ಕ್ಲಿನಿಕ್ ಮುಚ್ಚಬೇಕಿಲ್ಲ, ತಮ್ಮ ಕೇಸು ಏನಾಯಿತೆಂದು ನೋಡುವ ಸಮಯವೂ ಸಿಗುತ್ತದೆ. ರೋಗಿಗೆ ಕಡಿಮೆ ದರದಲ್ಲಿ ಚಿಕಿತ್ಸೆ, ಜೊತೆಗೆ ಪ್ರೊಫೆಸರ್ ಕಣ್ಗಾವಲು.

ರೋಗಿ ಕೇಳಬೇಕಾದ್ದು

ನಿಯಮ ಬರುವವರೆಗೂ ಕಾಯಲಾಗದವರು ಕೆಲವು ಪ್ರಶ್ನೆ ಕೇಳಲೇಬೇಕು. ಇಂಪ್ಲಾಂಟ್ ಎಲ್ಲಿ ಕಲಿತಿರಿ, ಎಷ್ಟು ದಿನ? ನನ್ನಂಥ ಕೇಸು ಮಾಡಿದ್ದೀರಾ, ಅವರು ಈಗ ಹೇಗಿದ್ದಾರೆ? ಸ್ಕ್ಯಾನ್‌ನಲ್ಲಿ ನರ ಎಲ್ಲಿದೆ ತೋರಿಸ್ತೀರಾ? ಸೋತರೆ ಏನು ಮಾಡ್ತೀರಿ, ಖರ್ಚು ಯಾರದ್ದು? ಒಳ್ಳೆಯ ಡಾಕ್ಟರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಇಂಪ್ಲಾಂಟ್ ಡಬ್ಬಿಯ ಜೊತೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸಣ್ಣ ಸ್ಟಿಕ್ಕರ್ ಬರುತ್ತದೆ. ಒಂದನ್ನು ಕ್ಲಿನಿಕ್ ಫೈಲಿಗೆ ಅಂಟಿಸುತ್ತಾರೆ, ಇನ್ನೊಂದನ್ನು ನೀವು ಕೇಳಿ ಪಡೆಯಿರಿ. ಅಮೆರಿಕ, ಗಲ್ಫ್‌ನಿಂದ ಎರಡು ಮೂರು ವಾರದ ರಜೆಗೆ ಬಂದು ಹಲ್ಲು ಕಟ್ಟಿಸಿಕೊಳ್ಳುವ ನಮ್ಮವರಿಗೆ ಇದು ಇನ್ನೂ ಮುಖ್ಯ. ಆ ರಜೆಯೊಳಗೆ ಮೂಳೆ ಬೆಸೆಯುವುದಿಲ್ಲ. ಮುಂದಿನ ಕೆಲಸ ಬೇರೆ ದೇಶದ ಡಾಕ್ಟರ್ ಕೈಗೆ ಹೋಗಬಹುದು, ಅವರಿಗೆ ಆ ಸ್ಟಿಕ್ಕರ್ ಬೇಕೇಬೇಕು. ‘ಇವತ್ತೇ ಹಾಕಿಸಿಕೊಳ್ಳಿ, ಆಫರ್ ಮುಗಿಯುತ್ತೆ’ ಎಂದು ಯಾರಾದರೂ ಅವಸರ ಮಾಡಿದರೆ ಎದ್ದು ಬನ್ನಿ. ಇಂಪ್ಲಾಂಟ್ ತುರ್ತು ಚಿಕಿತ್ಸೆ ಅಲ್ಲ. ಇನ್ನೊಬ್ಬರ ಅಭಿಪ್ರಾಯ ಕೇಳಲು ಒಂದೆರಡು ವಾರ ಹಿಡಿದರೆ ಸಾಮಾನ್ಯವಾಗಿ ಏನೂ ನಷ್ಟವಿಲ್ಲ.